ಕಾರ್ಡು ಜೇಬಿನಲ್ಲಿ, ಬಿಲ್ಲು ಕೈಯಲ್ಲಿ: ಆರೋಗ್ಯ ವಿಮೆಯ ತೂತುಗಳನ್ನು ಮೊದಲೇ ಹುಡುಕುವುದು ಹೇಗೆ?

ನನ್ನ ಚಿಕ್ಕಪ್ಪ ಪಾಂಡವಪುರದ ಕಡೆ ಆಲೆಮನೆಯಲ್ಲಿ ಕೆಲಸ ಮಾಡುವವರು. ಮೂರು ವರ್ಷದ ಹಿಂದೆ ಕಬ್ಬಿನ ಸಿಪ್ಪೆಯ ರಾಶಿಯಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬಿಪಿಎಲ್ ಕಾರ್ಡೂ ಇತ್ತು, ಆಯುಷ್ಮಾನ್ ಕಾರ್ಡೂ ಇತ್ತು. ಆ ಧೈರ್ಯದಲ್ಲಿ ಮನೆಯವರು ಕಾರು ಮಾಡಿಕೊಂಡು ನೇರವಾಗಿ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದರು. ಕೌಂಟರಿನಲ್ಲಿದ್ದ ಹುಡುಗಿ ಕೇಳಿದ್ದು ಒಂದೇ ಮಾತು: ‘ಸರ್ಕಾರಿ ಆಸ್ಪತ್ರೆಯ ರೆಫರಲ್ ಎಲ್ಲಿ?’ ಬರುವ ದಾರಿಯಲ್ಲಿ ತಾಲ್ಲೂಕು ಆಸ್ಪತ್ರೆಯ ಗೇಟನ್ನು ದಾಟಿಕೊಂಡೇ ಬಂದಿದ್ದರು. ಆ ರಾತ್ರಿ ಚಿಕ್ಕಮ್ಮನ ಸರ ಗಿರವಿ ಅಂಗಡಿ ಸೇರಿತು.

ಅಂದಿನಿಂದ ನೆಂಟರಿಷ್ಟರ ಮನೆಗೆ ಹೋದಾಗಲೆಲ್ಲ ಕಾರ್ಡುಗಳನ್ನು ಕೇಳಿ ನೋಡುವ ಚಾಳಿ ನನಗೆ ಅಂಟಿಕೊಂಡಿದೆ. ಕಾಯಿಲೆ ಇಲ್ಲದ ದಿನ, ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕೂತರೆ ಮುಗಿಯುವ ಕೆಲಸ ಇದು.

ಮೊದಲು ಕಾಗದಗಳನ್ನು ಚಾಪೆಯ ಮೇಲೆ ಹರಡಿ

ಪಡಿತರ ಚೀಟಿ, ಮನೆಯ ಎಲ್ಲರ ಆಧಾರ್, ಆಯುಷ್ಮಾನ್ ಕಾರ್ಡುಗಳು, ಯಶಸ್ವಿನಿ ಕಾರ್ಡು ಮಾಡಿಸಿದ್ದರೆ ಅದು, ಕಾರ್ಖಾನೆ ಕೆಲಸದವರಿದ್ದರೆ ನೌಕರರ ರಾಜ್ಯ ವಿಮೆಯ, ಅಂದರೆ ಇಎಸ್‌ಐ ನಂಬರ್. ಈಗ ಪಡಿತರ ಚೀಟಿಯಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಓದಿ. ಹೋದ ವರ್ಷ ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಇದೆಯೇ? ಮಗುವಿನ ಹೆಸರು ಸೇರಿದೆಯೇ? ಆಧಾರ್‌ನಲ್ಲಿ ‘ಪುಟ್ಟಸ್ವಾಮಿ’, ಚೀಟಿಯಲ್ಲಿ ‘ಪುಟ್ಟಸ್ವಾಮಿಗೌಡ’ ಎಂದಿದೆಯೇ? ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಈಗಲೂ ಚಾಲ್ತಿಯಲ್ಲಿದೆಯೇ, ಅಥವಾ ಆ ಸಿಮ್ ಎಂದೋ ಸತ್ತು ಓಟಿಪಿ ಯಾರದೋ ಪಾಲಾಗುತ್ತಿದೆಯೇ? ಇವೆಲ್ಲ ಸಣ್ಣ ವಿಷಯಗಳಂತೆ ಕಾಣುತ್ತವೆ. ಆದರೆ ಒಳರೋಗಿಯಾಗಿ ದಾಖಲಾಗುವ ಹೊತ್ತಿನಲ್ಲಿ ಕಂಪ್ಯೂಟರ್ ಒಪ್ಪದಿದ್ದರೆ ಯಾರ ಗೋಳನ್ನೂ ಅದು ಕೇಳುವುದಿಲ್ಲ.

ಹೆಸರು ತಪ್ಪಿದ್ದರೆ ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ವಿಚಾರಿಸಿ. ಪಡಿತರ ಚೀಟಿಯ ತಕರಾರಾದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೇ ಹೋಗಬೇಕು.

ನಿಮ್ಮದು ಐದು ಲಕ್ಷವೋ, ಮೂವತ್ತು ಪರ್ಸೆಂಟೋ?

ಹೆಚ್ಚಿನ ಜನ ಎಡವುವುದು ಇಲ್ಲಿ. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕವೂ ಕೇಂದ್ರದ ಆಯುಷ್ಮಾನ್ ಭಾರತವೂ ಒಂದೇ ಯೋಜನೆಯಾದವು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಅಥವಾ ಅಂತ್ಯೋದಯ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಗಮನಿಸಿ: ಇದು ತಲೆಗೆ ಐದು ಲಕ್ಷವಲ್ಲ, ಇಡೀ ಮನೆಗೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ಮೊತ್ತದ) ಶೇ 30 ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಪ್ಯಾಕೇಜ್ ದರ ಒಂದು ಲಕ್ಷವಾದರೆ ಮೂವತ್ತು ಸಾವಿರ ಸರ್ಕಾರದ್ದು, ಎಪ್ಪತ್ತು ಸಾವಿರ ನಿಮ್ಮದು. ಎರಡು ವರ್ಗದವರ ಕೈಯಲ್ಲೂ ಕಾರ್ಡಿರುತ್ತದೆ. ಕಾರ್ಡು ಕಂಡ ಕೂಡಲೇ ಎಲ್ಲವೂ ಉಚಿತ ಎಂದುಕೊಳ್ಳುವುದು ಇದೇ ಕಾರಣಕ್ಕೆ.

ಬಡತನ ಹೆಚ್ಚು ಕಡಿಮೆ ಅಷ್ಟೇ ಇದ್ದು ಚೀಟಿಯ ಬಣ್ಣ ಮಾತ್ರ ಬದಲಾದ ಮನೆಗಳು ಮಂಡ್ಯದಲ್ಲಿ ಬೇಕಾದಷ್ಟಿವೆ. ಬಾಡಿಗೆ ಓಡಿಸಲೆಂದು ಮಗ ಸಾಲದಲ್ಲಿ ಕಾರು ತಂದ, ಸಾಲಕ್ಕಾಗಿ ಯಾರೋ ಆದಾಯ ತೆರಿಗೆ ರಿಟರ್ನ್ ಹಾಕಿಸಿದರು, ಚೀಟಿ ಪರಿಶೀಲನೆಗೆ ಸಿಕ್ಕಿತು. ಅಕ್ಕಿ ನಿಂತದ್ದು ಆ ತಿಂಗಳೇ ಗೊತ್ತಾಗುತ್ತದೆ. ಐದು ಲಕ್ಷವೂ ಅದರ ಜೊತೆಗೇ ಹೋಯಿತೆಂಬುದು ಆಸ್ಪತ್ರೆಯಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಚೀಟಿ ರದ್ದಾದರೆ ಅಥವಾ ಎಪಿಎಲ್‌ಗೆ ಬದಲಾದರೆ ಅಕ್ಕಿಗಾಗಿ ಅಲ್ಲದಿದ್ದರೂ ಆಸ್ಪತ್ರೆಗಾಗಿಯಾದರೂ ಲಿಖಿತ ಆಕ್ಷೇಪಣೆ ಕೊಡಿ, ಸ್ವೀಕೃತಿ ಪಡೆಯಿರಿ.

ರೆಫರಲ್ ಎಂಬ ಬಾಗಿಲು

ಈ ಯೋಜನೆಯ ಕ್ರಮ ಇಷ್ಟು: ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅಲ್ಲಿಯ ವೈದ್ಯರು ರೆಫರಲ್ ಬರೆದುಕೊಡುತ್ತಾರೆ. ಆ ಕಾಗದದ ಮೇಲೆ ಯೋಜನೆಗೆ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಮಳವಳ್ಳಿ, ಮದ್ದೂರು, ಕೆ.ಆರ್. ಪೇಟೆಯವರಿಗೆ ತಾಲ್ಲೂಕು ಆಸ್ಪತ್ರೆ, ಅದರ ಮೇಲೆ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್; ನಂಜನಗೂಡು, ತಿ. ನರಸೀಪುರ, ಹುಣಸೂರಿನವರಿಗೆ ಅಲ್ಲಿಯ ತಾಲ್ಲೂಕು ಆಸ್ಪತ್ರೆ, ಅದರ ಮೇಲೆ ನಮ್ಮ ದೊಡ್ಡಾಸ್ಪತ್ರೆ, ಅಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಹೃದಯದ ತೊಂದರೆಗೆ ಸರ್ಕಾರದ್ದೇ ಆದ ಜಯದೇವ ಆಸ್ಪತ್ರೆ ಮೈಸೂರಿನಲ್ಲೇ ಇದೆ.

ಪ್ರಾಣಾಪಾಯದ ತುರ್ತು ಚಿಕಿತ್ಸೆಗಳದ್ದು ಬೇರೆ ಪಟ್ಟಿ. ಅದರಲ್ಲಿ ಬರುವ ಸ್ಥಿತಿಯಾದರೆ ರೆಫರಲ್ ಇಲ್ಲದೆಯೇ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಆದರೆ ನಮಗೆ ತುರ್ತು ಎನಿಸಿದ್ದೆಲ್ಲ ಆ ಪಟ್ಟಿಯಲ್ಲಿ ತುರ್ತಲ್ಲ. ಚಿಕ್ಕಪ್ಪನ ಮೂಳೆ ವಿಷಯದಲ್ಲಿ ಆದದ್ದೂ ಅದೇ: ನೋವು ನೋಡಲಾಗುತ್ತಿರಲಿಲ್ಲ, ಆದರೆ ಜೀವಕ್ಕೆ ಅಪಾಯವಿಲ್ಲ ಎಂದು ಬರೆದರು.

ಖಾಸಗಿ ಆಸ್ಪತ್ರೆಗೆ ಕಾಲಿಟ್ಟ ಮೇಲೆ ಮಾಡಬೇಕಾದ್ದು ಹೀಗೆ. ದುಡ್ಡು ಕಟ್ಟುವ ಕೌಂಟರಿಗಿಂತ ಮೊದಲು ‘ಆರೋಗ್ಯ ಮಿತ್ರ’ ಎಲ್ಲಿ ಎಂದು ಕೇಳಿ. ಯೋಜನೆಯ ಪರವಾಗಿ ರೋಗಿಗೆ ನೆರವಾಗಲೆಂದೇ ಇರುವವರು ಅವರು. ಎರಡು ಪ್ರಶ್ನೆ ಕೇಳಬೇಕು. ಈ ಆಸ್ಪತ್ರೆ ನೋಂದಾಯಿತವೇ ಎಂಬುದಷ್ಟೇ ಸಾಲದು, ಈ ಕಾಯಿಲೆಯ ವಿಭಾಗಕ್ಕೆ ನೋಂದಾಯಿತವೇ? ಕಣ್ಣಿನ ಚಿಕಿತ್ಸೆಗೆ ನೋಂದಣಿ ಇದ್ದು ಕ್ಯಾನ್ಸರ್‌ಗೆ ಇಲ್ಲದಿರಬಹುದು. ಇನ್ನೊಂದು, ಈ ಚಿಕಿತ್ಸೆಗೆ ಟ್ರಸ್ಟಿನ ಪೂರ್ವಾನುಮತಿ ಬಂದಿದೆಯೇ? ಜೀವಾಪಾಯವಿಲ್ಲದಿದ್ದರೆ ಅದು ಬರುವ ತನಕ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಆತುರಪಡಬೇಡಿ. ‘ಮೊದಲು ಕಟ್ಟಿ, ಆಮೇಲೆ ವಾಪಸ್ ಬರುತ್ತದೆ’ ಎಂಬ ಮಾತನ್ನು ನಾನಂತೂ ನಂಬುವುದಿಲ್ಲ.

ಯೋಜನೆಯಡಿ ದಾಖಲಾದ ಬಿಪಿಎಲ್ ರೋಗಿಯಿಂದ ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ಹಣ ಕೇಳುವಂತಿಲ್ಲ. ಕೇಳಿದರೆ ಜಗಳ ಬೇಡ, ರಸೀದಿ ಕೇಳಿ. ಅರ್ಧ ಪಾಲು ತಗಾದೆ ಅಲ್ಲೇ ಕರಗುತ್ತದೆ. ಕರಗದಿದ್ದರೆ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಅಥವಾ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಇಎಸ್‌ಐ ಮತ್ತು ಯಶಸ್ವಿನಿ

ಗಾರ್ಮೆಂಟ್ಸ್‌ಗೆ, ಕಾರ್ಖಾನೆಗೆ ಹೋಗುವವರ ಸಂಬಳ ತಿಂಗಳಿಗೆ 21,000 ರೂಪಾಯಿವರೆಗೆ ಇದ್ದರೆ ಇಎಸ್‌ಐ ಸಿಗುತ್ತದೆ. ಸಂಬಳದಿಂದ ಶೇ 0.75 ಹಿಡಿಯುತ್ತಾರೆ, ಮಾಲೀಕರು ಶೇ 3.25 ಸೇರಿಸಬೇಕು. ಸಂಬಳದ ಚೀಟಿಯಲ್ಲಿ ಹಿಡಿದದ್ದು ಕಂಡರಷ್ಟೇ ಸಾಲದು. ಗುತ್ತಿಗೆದಾರ ಅದನ್ನು ನಿಜಕ್ಕೂ ಕಟ್ಟಿದ್ದಾನೆಯೇ ಎಂದು ನಿಮ್ಮ ಇಎಸ್‌ಐ ನಂಬರ್ ಹಾಕಿ ನೋಡಬೇಕು. ಸಂಬಳ ಏರಿ 21,000 ದಾಟಿದರೆ ಆಗ ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯವರೆಗೆ, ವಂತಿಗೆ ಮುಂದುವರಿಯುತ್ತದೆ, ಆಮೇಲೆ ನಿಲ್ಲುತ್ತದೆ. ಐನೂರು ರೂಪಾಯಿ ಹೆಚ್ಚಾಯಿತೆಂದು ಸಿಹಿ ಹಂಚುವ ಮೊದಲು ಇದನ್ನು ಲೆಕ್ಕ ಹಾಕಿಟ್ಟುಕೊಳ್ಳಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಹಾಲಿನ ಡೇರಿಗೆ ಹಾಲು ಹಾಕುವ ಮನೆಗಳಿಗೆ ಹೇಳಿಮಾಡಿಸಿದಂತಿದೆ. 2018ರಲ್ಲಿ ನಿಂತುಹೋಗಿದ್ದ ಈ ಯೋಜನೆ ಮತ್ತೆ ಆರಂಭವಾದಾಗ ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ ವಂತಿಗೆ ನಿಗದಿಯಾಯಿತು. ಎಪಿಎಲ್‌ಗೆ ಜಾರಿದ ರೈತರು ಮೊದಲು ನೋಡಬೇಕಾದ್ದು ಇದನ್ನೇ. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ, ಪ್ರತಿ ವರ್ಷ ನವೀಕರಿಸಬೇಕು. ಸಂಘದ ಕಾರ್ಯದರ್ಶಿಯನ್ನು ಕೇಳಿ ದಿನಾಂಕ ತಿಳಿದುಕೊಳ್ಳಿ.

ವಿಮೆಯಲ್ಲದ ವಿಮೆ

‘ಬ್ಯಾಂಕಿನಲ್ಲಿ ವರ್ಷಕ್ಕೆ ಇಪ್ಪತ್ತು ರೂಪಾಯಿ ಕಟ್ ಆಗುತ್ತದಲ್ಲ, ನಮಗೆ ವಿಮೆ ಇದೆ’ ಎನ್ನುವವರನ್ನು ತುಂಬ ನೋಡಿದ್ದೇನೆ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ ಮಾತ್ರ ಹಣ. ಆಸ್ಪತ್ರೆಯ ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ. 436 ರೂಪಾಯಿಯ ಜೀವನ ಜ್ಯೋತಿ ಜೀವವಿಮೆ, ಅಷ್ಟೇ.

ಯಾವ ಕಾರ್ಡೂ ಮುಚ್ಚದ ಖರ್ಚು

ಆಯುಷ್ಮಾನ್ ಇರುವುದು ದಾಖಲಾಗುವ ಚಿಕಿತ್ಸೆಗೆ. ಹೊರರೋಗಿಯಾಗಿ ತೋರಿಸಿಕೊಂಡದ್ದು, ತಿಂಗಳು ತಿಂಗಳ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಬಸ್ಸಿನ ಖರ್ಚು, ಜೊತೆಗಿದ್ದವರ ಊಟ, ಇಬ್ಬರ ಕೂಲಿ ತಪ್ಪಿದ್ದು, ಇವೆಲ್ಲ ಮನೆಯ ಲೆಕ್ಕಕ್ಕೇ ಬರುತ್ತವೆ. ಮಾತ್ರೆಗಳ ಭಾರವನ್ನಾದರೂ ಇಳಿಸಬಹುದು: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಮಾತ್ರೆ ಉಚಿತ. ಹೆಸರು ಬರೆಸಿ, ಪುಸ್ತಕ ಇಟ್ಟುಕೊಂಡು ಪ್ರತಿ ತಿಂಗಳು ಹೋಗಿ. ಕೂಲಿ ನಷ್ಟಕ್ಕೆ ನನಗೆ ಕಂಡ ಉಪಾಯ ಸ್ವಸಹಾಯ ಸಂಘದ ಉಳಿತಾಯವೊಂದೇ. ಮೀಟರ್ ಬಡ್ಡಿಗಿಂತ ಅದು ಎಷ್ಟೋ ಮೇಲು.

ಚಿಕ್ಕಮ್ಮ ಸರ ಬಿಡಿಸಿಕೊಳ್ಳಲು ಎರಡು ಕಬ್ಬಿನ ಹಂಗಾಮು ಬೇಕಾದವು. ಈಗ ಅವರ ಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೆ ಒಂದು ಪ್ಲಾಸ್ಟಿಕ್ ಕವರ್ ನೇತಾಡುತ್ತದೆ. ಎಲ್ಲ ಕಾರ್ಡುಗಳ ಜೆರಾಕ್ಸ್ ಅದರಲ್ಲಿದೆ. ಮೇಲೆ ಚಿಕ್ಕಪ್ಪ ತಮ್ಮ ಸೊಟ್ಟ ಅಕ್ಷರದಲ್ಲಿ ಬರೆದಿದ್ದಾರೆ: ‘ಮೊದಲು ತಾಲ್ಲೂಕು ಆಸ್ಪತ್ರೆ.’