ನೆರೆಯ ಅತಿಥಿಗಳ ಲೆಕ್ಕ ಹಿಡಿಯುವುದು ಹೇಗೆ: ಭೂತಾನ್ ನೋಡಿ ಮಲೆನಾಡಿನ ಹೋಂಸ್ಟೇಗೆ

ಮೂಡಿಗೆರೆ ಬಳಿಯ ನಮ್ಮ ತೋಟದ ಮನೆಯಲ್ಲಿ ಅತಿಥಿಗಳಿಗೆಂದು ನಾಲ್ಕು ಕೋಣೆಗಳಿವೆ. ಚಿಕ್ಕಮಗಳೂರಿನ ಹೋಂಸ್ಟೇ ಮಾಲೀಕರು ಸೇರಿದಾಗಲೆಲ್ಲ ಎಷ್ಟು ಜನ ಬಂದರು ಎಂಬ ಮಾತೇ ಮೊದಲು ಬರುತ್ತದೆ. ಆದರೆ ಹತ್ತಿರದಿಂದ ಬರುವ ಅತಿಥಿಗಳು ವ್ಯವಹಾರವನ್ನು ಹೇಗೆ ಬದಲಿಸುತ್ತಾರೆ ಎಂಬುದು ತಲೆ ಎಣಿಕೆಯಿಂದ ತಿಳಿಯುವುದಿಲ್ಲ. ಅದನ್ನು ಅರಿಯಲು ಭೂತಾನ್‌ನ ಅನುಭವವನ್ನು ಒಮ್ಮೆ ನೋಡುವುದು ಒಳ್ಳೆಯದು.

1974ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆದ ಆ ಪುಟ್ಟ ದೇಶವು ಕಡಿಮೆ ಜನ, ಹೆಚ್ಚು ಆದಾಯ ಎಂಬ ನೀತಿಯನ್ನು ಹಿಡಿದಿತ್ತು. ದೂರದೇಶದವರು ಬಹುಕಾಲ ದಿನಕ್ಕೆ ಕನಿಷ್ಠ ಇಷ್ಟು ಡಾಲರ್ ಎಂಬ ಪ್ಯಾಕೇಜ್‌ನಲ್ಲಿ, ಸಾಮಾನ್ಯವಾಗಿ ಮೂರು ನಕ್ಷತ್ರ ಅಥವಾ ಅದಕ್ಕೂ ಮೇಲಿನ ಹೋಟೆಲ್‌ಗಳಲ್ಲಿ ಉಳಿಯುತ್ತಿದ್ದರು. ಭಾರತ, ಬಾಂಗ್ಲಾದೇಶ ಮತ್ತು ಮಾಲ್ಡೀವ್ಸ್‌ನವರಿಗೆ ಈ ಕಟ್ಟುಪಾಡು ಇರಲಿಲ್ಲ. 2019ರಲ್ಲಿ ಬಂದ ಸುಮಾರು 3.15 ಲಕ್ಷ ಪ್ರವಾಸಿಗರಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಜನ ಈ ನೆರೆಯವರೇ ಆಗಿದ್ದು, ಫುಂಟ್‌ಶೋಲಿಂಗ್, ಥಿಂಪು, ಪಾರೋಗಳ ಅಗ್ಗದ ಹೋಟೆಲ್‌ಗಳಿಗೆ ಅವರೇ ಆಸರೆಯಾಗಿದ್ದರು. 2020ರ ಕಾಯ್ದೆಯು ನೆರೆಯವರಿಗೂ ತಲೆಗೆ, ರಾತ್ರಿಗೆ 1,200 ಙುಲ್ಟ್ರಮ್ ಶುಲ್ಕ ವಿಧಿಸಿತು. ಆ ನಾಣ್ಯದ ಬೆಲೆ ನಮ್ಮ ರೂಪಾಯಿಗೆ ಸಮ.

ಅಲ್ಲಿನ ಅಗ್ಗದ ಹೋಟೆಲ್‌ಗಳಂತೆ ನಮಗೂ ಹತ್ತಿರದವರೇ ಆಸರೆ. ಅವರ ಲೆಕ್ಕ ಹಿಡಿಯಲು ಈಗ ನಿಮ್ಮ ರಿಜಿಸ್ಟರ್ ತೆಗೆಯಿರಿ. ಹೆಸರು, ಊರುಗಳ ಪಕ್ಕದಲ್ಲಿ ಇನ್ನೂ ಮೂರು ಕಾಲಂ ಎಳೆಯಿರಿ: ವಾರದ ಯಾವ ದಿನ ಬಂದರು, ಉಳಿದ ರಾತ್ರಿಗಳು, ತೆಗೆದುಕೊಂಡ ಕೋಣೆಗಳು. ರಾತ್ರಿಗಳನ್ನು ಕೋಣೆಗಳಿಂದ ಗುಣಿಸಿದರೆ ಬರುವ ಕೋಣೆ-ರಾತ್ರಿಯೇ ನಿಜವಾದ ಅಳತೆ. ನಾಲ್ಕು ಕೋಣೆಯ ಮನೆಗೆ ವಾರಕ್ಕೆ 28 ಕೋಣೆ-ರಾತ್ರಿ. ಶನಿವಾರ ನಾಲ್ಕೂ ತುಂಬಿ, ಶುಕ್ರವಾರ ಎರಡು ಹೋಗಿ, ಉಳಿದ ದಿನ ಖಾಲಿಯಿದ್ದರೆ ಬಂದದ್ದು ಆರು, ಅಂದರೆ ನೂರಕ್ಕೆ 21 ಮಾತ್ರ. ಪ್ರತಿ ಶನಿವಾರ ಹೌಸ್‌ಫುಲ್ ಎಂದು ಹೇಳಿಕೊಳ್ಳುವ ಮನೆಯ ಸ್ಥಿತಿಯೂ ಇದೇ ಆಗಿರಬಹುದು. ಹೊಸ ಕೋಣೆ ಕಟ್ಟಲು ಸಾಲ ಕೇಳುವ ಮುನ್ನ ದಯವಿಟ್ಟು ಈ ಲೆಕ್ಕ ಮಾಡಿ.

ಒಂದೇ ರಾತ್ರಿಯ ಅತಿಥಿಯ ಖರ್ಚನ್ನೂ ಬರೆದಿಡಿ. ಭಾನುವಾರ ಹನ್ನೊಂದಕ್ಕೆ ಬೆಂಗಳೂರಿನ ಕಾರುಗಳೆಲ್ಲ ಒಟ್ಟಿಗೆ ಹೊರಟಾಗ ನಮ್ಮಲ್ಲಿ ಎಂಟು ಹಾಸು, ಎಂಟು ಹೊದಿಕೆ, ಹದಿನಾರು ದಿಂಬಿನ ಕವರು ಒಗೆತಕ್ಕೆ ಬೀಳುತ್ತವೆ. ಜುಲೈ ಮಳೆಯಲ್ಲಿ ಅವು ಬಚ್ಚಲೊಲೆಯ ಬಿಸಿಗೆ ಒಣಗುವಷ್ಟರಲ್ಲಿ ಬುಧವಾರ ಬಂದಿರುತ್ತದೆ. ಉದಾಹರಣೆಗೆ, ಬಾಡಿಗೆ 3,000 ರೂಪಾಯಿ, ಅತಿಥಿ ಹೋದ ಮೇಲೆ ಕೋಣೆಯನ್ನು ಮತ್ತೆ ಸಿದ್ಧಗೊಳಿಸುವ ಖರ್ಚು 600 ರೂಪಾಯಿ ಎಂದುಕೊಳ್ಳಿ. ಒಂದು ರಾತ್ರಿಗೆ ಉಳಿಯುವುದು 2,400. ವಾರದ ನಡುವೆ ಮೂರು ರಾತ್ರಿ ಇರುವವರಿಗೆ 2,500ರಂತೆ ಕೊಟ್ಟರೂ ಒಗೆತ ಒಂದೇ ಬಾರಿಯಾದ್ದರಿಂದ ರಾತ್ರಿಗೆ 2,300 ಉಳಿಯುತ್ತದೆ. ಖಾಲಿ ಬೀಳುತ್ತಿದ್ದ ಕೋಣೆಯಿಂದ ರಾತ್ರಿಗೆ ನೂರು ರೂಪಾಯಿ ಕಡಿಮೆ ಉಳಿದರೂ ಅದು ದೊಡ್ಡದಲ್ಲ.

ಶುಲ್ಕದ ವಿಷಯದಲ್ಲಿ ಭೂತಾನ್‌ನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1,500 ರೂಪಾಯಿಯ ಕೋಣೆಯಲ್ಲಿ ಇಬ್ಬರು ಉಳಿದರೆ ಶುಲ್ಕವೇ 2,400, ಅಂದರೆ ಬಾಡಿಗೆಗಿಂತ ಹೆಚ್ಚು. 15,000ದ ಕೋಣೆಯವರಿಗೆ ಅದೇ ಮೊತ್ತ ಲೆಕ್ಕಕ್ಕೇ ಬಾರದು. ಒಂದೇ ದರದ ಶುಲ್ಕವು ಅಗ್ಗದ ಕೋಣೆಯ ಮೇಲೆಯೇ ಭಾರವಾಗಿ ಕೂರುತ್ತದೆ, ಪ್ರತಿ ರಾತ್ರಿಯೂ ಹಾಕಿದರೆ ತಂಗುವ ದಿನಗಳನ್ನು ಕತ್ತರಿಸುತ್ತದೆ. ದೂರದೇಶದವರ ರಾತ್ರಿಯ ಶುಲ್ಕವನ್ನು 200 ಡಾಲರ್‌ಗೆ ಏರಿಸಿದ್ದ ಆ ಸರ್ಕಾರವೇ ಒಂದು ವರ್ಷದಲ್ಲಿ, 2023ರ ಸೆಪ್ಟೆಂಬರ್‌ನಲ್ಲಿ, ಅದನ್ನು 100ಕ್ಕೆ ಇಳಿಸಿತು. ಆದ್ದರಿಂದ ಕ್ಯಾಂಪ್‌ಫೈರ್, ಸ್ವಚ್ಛತೆ ಮುಂತಾದವುಗಳಿಗೆ ಹಣ ಪಡೆಯುವುದಾದರೆ ಒಂದು ಬುಕಿಂಗ್‌ಗೆ ಒಮ್ಮೆ ಪಡೆಯಿರಿ, ರಾತ್ರಿ ರಾತ್ರಿಗೂ ಬೇಡ.

ಕೊನೆಯದಾಗಿ, ಅತಿಥಿಗಳು ಬರುವ ದಾರಿಯನ್ನೂ ರಿಜಿಸ್ಟರ್‌ನಲ್ಲಿ ಗುರುತಿಸಿ; ದಾರಿ ಮುಚ್ಚಿದರೆ ಅತಿಥಿಗಳೂ ನಿಲ್ಲುತ್ತಾರೆ. 2020ರ ಮಾರ್ಚ್‌ನಿಂದ 2022ರ ಸೆಪ್ಟೆಂಬರ್ 23ರವರೆಗೆ ಭೂತಾನ್ ಪ್ರವಾಸಿಗರಿಗೆ ಮುಚ್ಚಿತ್ತು. ನಮ್ಮಲ್ಲಿ 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದಾಗ ಕೊಟ್ಟಿಗೆಹಾರದ ಈಚೆಗಿನ ಮನೆಗಳಿಗೆ ಮಂಗಳೂರಿನ ನೇರ ದಾರಿ ಇಲ್ಲವಾಯಿತು. ಅರ್ಧಕ್ಕಿಂತ ಹೆಚ್ಚು ಕೋಣೆ-ರಾತ್ರಿಗಳು ಒಂದೇ ಊರಿನಿಂದ, ಒಂದೇ ರಸ್ತೆಯಲ್ಲಿ ಬರುತ್ತಿದ್ದರೆ ಜೂನ್‌ಗೆ ಮುಂಚೆ ಬೇರೆ ದಿಕ್ಕಿನ ಹಳೆಯ ಅತಿಥಿಗಳಿಗೆ ಫೋನ್ ಮಾಡಿ, ಮಳೆಗಾಲದ ದರವನ್ನು ತಿಳಿಸಿ, ಅಡ್ವಾನ್ಸ್ ಪಡೆಯುವಾಗಲೇ ರಸ್ತೆ ಬಂದ್ ಆದರೆ ದಿನಾಂಕ ಬದಲಿಸಿಕೊಡುವುದಾಗಿ ಬರೆದುಕೊಡಿ.