ನಕ್ಷೆಗೂ ಮೊದಲು ಮರ: ರೆಸ್ಟೊರೆಂಟ್ ಒಳಾಂಗಣಕ್ಕೆ ಹಳೆ ಮರ ಬಳಸಿದ ನನ್ನ ಅನುಭವ

ಹೊಸ ಮರದ ಕೆಲಸದಲ್ಲಿ ನಕ್ಷೆ ಮೊದಲು, ಮರ ಆಮೇಲೆ. ಹಳೆ ಮರಕ್ಕೆ ಈ ಕ್ರಮ ಒಗ್ಗುವುದಿಲ್ಲ. ಕೆಡವಿದ ಕಟ್ಟಡದಿಂದ ಬಂದ ತೊಲೆ ಎಷ್ಟು ಉದ್ದವಿದೆಯೋ ಅಷ್ಟೇ. ಅದೇ ಅಳತೆಯ, ಅದೇ ಬಣ್ಣದ ಇನ್ನೊಂದು ಬೇಕೆಂದರೆ ಸಿಗುವುದಿಲ್ಲ. ಹಾಗಾಗಿ ಕೆಲಸ ಒಪ್ಪಿಕೊಳ್ಳುವಾಗಲೇ ಮಾಲೀಕರಿಗೆ ಹೇಳಿಬಿಟ್ಟೆ: ಮರ ಅಂಗಳಕ್ಕೆ ಬರಲಿ, ಆಮೇಲೆ ಟೇಬಲ್ಲಿನ ಅಳತೆ ಗಟ್ಟಿ ಮಾಡೋಣ.

ಬಂದ ಮರವನ್ನೆಲ್ಲ ಮೂರು ರಾಶಿ ಮಾಡಿಸಿದೆ. ಗಿರಾಕಿಯ ಕೈ, ತಟ್ಟೆ ತಾಗುವ ಜಾಗಕ್ಕೆ ಒಂದು. ಗೋಡೆ, ಸೂರಿನಂತೆ ಬರೀ ಕಣ್ಣಿಗೆ ಕಾಣುವ ಜಾಗಕ್ಕೆ ಇನ್ನೊಂದು. ಮೂರನೆಯದು ಒಳಗೆ ತರಲೇಬಾರದ ಮರ. ಈ ಮೂರನೆಯ ರಾಶಿಯ ವಿಷಯದಲ್ಲಿ ನಾನು ಯಾರ ಒತ್ತಾಯಕ್ಕೂ ಮಣಿಯುವುದಿಲ್ಲ. ರೈಲು ಹಳಿಯಡಿಯ ಹಳೆ ಸ್ಲೀಪರ್ ನೋಡಲು ಎಷ್ಟೇ ಚೆನ್ನಾಗಿರಲಿ, ಹುಳು ಹಿಡಿಯದಿರಲೆಂದು ಅದಕ್ಕೆ ಕುಡಿಸಿರುವ ಕ್ರಿಯೋಸೋಟ್ ಎಂಬ ಡಾಂಬರಿನಂಥ ಎಣ್ಣೆ ಬಿಸಿಗೆ ಮತ್ತೆ ಮತ್ತೆ ಹೊರಗೆ ಬರುತ್ತದೆ, ವಾಸನೆ ಬಿಡುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ತಿಳಿಹಸಿರು ಛಾಯೆಯ ಹೊರಾಂಗಣದ ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿರಬಹುದು. ಸರಕು ಪೇರಿಸಿ ಸಾಗಿಸುವ ಮರದ ಅಡಿಮಣೆಯ, ಅಂದರೆ ಪ್ಯಾಲೆಟ್ಟಿನ, ಹಲಗೆಯಾದರೆ ಮುದ್ರೆ ನೋಡುತ್ತೇನೆ: ‘ಎಚ್‌ಟಿ’ ಎಂದಿದ್ದರೆ ಶಾಖ ಕೊಟ್ಟದ್ದು, ‘ಎಂಬಿ’ ಎಂದಿದ್ದರೆ ಹುಳು ಕೊಲ್ಲಲು ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಿದ್ದು. ಎರಡನೆಯದು ನನಗೆ ಬೇಡ. ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಪರೀಕ್ಷೆ ಮಾಡಿಸುವ ತನಕ ಅದಕ್ಕೆ ಉಪ್ಪುಕಾಗದ ತಾಗಿಸುವಂತಿಲ್ಲ. ಆ ದೂಳು ಮೊದಲು ಸೇರುವುದೇ ಬಡಗಿಯ ಶ್ವಾಸಕೋಶವನ್ನು.

ಮೊಳೆ ಕೀಳುವುದು ತಾಳ್ಮೆಯ ಕೆಲಸ. ಮೊನೆಯ ಕಡೆಯಿಂದ ಬಡಿದು ತಲೆಯನ್ನು ಮೇಲೆಬ್ಬಿಸಿ, ಅಡಿಗೆ ತೆಳು ಹಲಗೆಚೂರು ಕೊಟ್ಟು ಎಳೆದರೆ ಮುಖ ಜಜ್ಜುವುದಿಲ್ಲ. ಒಳಗೇ ಮುರಿದು ಉಳಿದ ತುಂಡಿಗೆ ಲೋಹಶೋಧಕ ಬೇಕೇ ಬೇಕು. ಒಂದು ಚೂರು ಸಿಕ್ಕರೂ ಹಲಗೆ ಹೆರೆಯುವ ಯಂತ್ರದ (ಪ್ಲೇನರ್) ಬ್ಲೇಡು ಹೋಯಿತು. ಮೊಳೆಯ ತೂತಿನ ಸುತ್ತ ಕಬ್ಬಿಣವೂ ಮರದ ಒಗರೂ ಸೇರಿ ಮೂಡಿದ ಕಪ್ಪು ಕಲೆಯನ್ನು ಮಾತ್ರ ಉಜ್ಜಲು ಬಿಡುವುದಿಲ್ಲ. ಅದನ್ನೂ ತೆಗೆದ ಮೇಲೆ ಹಳೆ ಮರ ಹುಡುಕಿ ತಂದು ಏನು ಬಂತು?

ಕುಟ್ಟೆ ಹಿಡಿದ ಮರದ ತೂತಿನಿಂದ ಹೊಸದಾಗಿ ಬಿಳಿಚಿದ ಪುಡಿ ಉದುರುತ್ತಿದ್ದರೆ ಹುಳು ಜೀವಂತ ಇದೆ ಎಂದೇ ಲೆಕ್ಕ. ಅಂಥದ್ದನ್ನು ಶಾಖದ ಕೋಣೆಗೆ ಕಳಿಸಿದೆ. ಪ್ಯಾಲೆಟ್‌ಗಳಿಗಿರುವ ಅಂತಾರಾಷ್ಟ್ರೀಯ ನಿಯಮದಂತೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ತಲುಪಿ, 30 ನಿಮಿಷ ಅಲ್ಲೇ ನಿಲ್ಲಬೇಕು. ದಪ್ಪ ತೊಲೆಯ ತಿರುಳು ಕಾಯಲು ಎಷ್ಟೋ ಹೊತ್ತು ಬೇಕು. ಮೇಲ್ಮೈ ಬಿಸಿಯಾದ ಮಾತ್ರಕ್ಕೆ ಹೊರಗೆ ತೆಗೆಯಬಾರದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟದ್ದು ತೇವಕ್ಕೆ. ನೂರು ವರ್ಷದ ಮರ ಒಣಗಿಯೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮರ ತಾನಿರುವ ಗಾಳಿಯ ತೇವಕ್ಕೆ ಹೊಂದಿಕೊಳ್ಳುತ್ತದೆ, ವಯಸ್ಸಿಗಲ್ಲ. ತೆರೆದ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಲಗೆಗೆ ಮಾಪಕ ಚುಚ್ಚಿದಾಗ 16 ಶೇಕಡ ತೋರಿಸಿತು. ಎಸಿ ಓಡುವ ಊಟದ ಹಾಲ್‌ನಲ್ಲಿ ಅದು 8–10 ಶೇಕಡಕ್ಕೆ ಇಳಿಯುವುದು ಖಂಡಿತ, ಇಳಿಯುವಾಗ ಅಗಲ ಕುಗ್ಗುವುದೂ ಖಂಡಿತ. ಅದಕ್ಕೇ ನಡುನಡುವೆ ಪಟ್ಟಿ ಕೊಟ್ಟು ಅದೇ ಹಾಲ್‌ನಲ್ಲಿ ಪೇರಿಸಿ, ಮಾಪಕದ ಅಂಕಿ ಇಳಿಯುವುದು ನಿಲ್ಲುವ ತನಕ ಕಾದೆ. ಮಾಲೀಕರಿಗೆ ಅವಸರವಿತ್ತು, ಆದರೂ ಕಾದೆ. ಆಮೇಲೂ ಟೇಬಲ್ ಹಲಗೆಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಕೂರಿಸಲಿಲ್ಲ. ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ, ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ. ಸ್ಕ್ರೂ ತೂತನ್ನು ಅಗಲದ ದಿಕ್ಕಿಗೆ ಉದ್ದವಾಗಿ ಕೊರೆಸಿ, ವಾಷರ್ ಹಾಕಿ, ಸರಿಯಲು ಜಾಗ ಬಿಟ್ಟೆ.

ಟೇಬಲ್ಲಿನ ಬಿರುಕುಗಳಿಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿ ಸಮ ಮಾಡಿದೆವು. ಇಲ್ಲದಿದ್ದರೆ ಅಗಳು ಸಿಕ್ಕಿಕೊಂಡು ಕೊಳೆಯುತ್ತದೆ. ಮೇಲೆ ಹೊಳಪಿಲ್ಲದ ಪಾಲಿಯುರೆಥೇನ್ ಲೇಪ, ಪ್ಲಾಸ್ಟಿಕ್ಕಿನಂತೆ ಗಟ್ಟಿ ಪದರವಾಗುವ ವಾರ್ನಿಶ್. ಎಣ್ಣೆ ಪಾಲಿಶ್ ಕೈಗೆ ಹಿತ, ನನಗೂ ಇಷ್ಟ, ಆದರೆ ದಿನವಿಡೀ ನೀರು, ಹುಳಿ, ಬಿಸಿ ತಟ್ಟೆ ಬೀಳುವ ಕಡೆ ಅದು ತಾಳುವುದಿಲ್ಲ. ಎಣ್ಣೆಯನ್ನು ಗೋಡೆಗೆ ಉಳಿಸಿಕೊಂಡೆ. ಅಡುಗೆಮನೆಯೊಳಗೆ ಹಳೆ ಮರ ಒಂದು ಚೂರೂ ಇಲ್ಲ.

ಬೆಂಕಿಯ ಲೆಕ್ಕ ಬೇರೆ. ದಪ್ಪ ತೊಲೆ ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ ವೇಗದಲ್ಲಿ ಕರಕಾಗುತ್ತ ಹೋಗುತ್ತದೆ, ಆ ಇದ್ದಿಲ ಪದರವೇ ಒಳಭಾಗವನ್ನು ಕಾಯುತ್ತದೆ. ತೆಳು ಹಲಗೆಗೆ ಆ ರಕ್ಷಣೆ ಇಲ್ಲ. ಗೋಡೆಗೆ ಹೊದಿಸಿದರೆ ಜ್ವಾಲೆ ಬೇಗ ಹಬ್ಬುತ್ತದೆ. ಅದಕ್ಕೆ ಅಗ್ನಿನಿರೋಧಕ ಲೇಪ ಕೊಡಿಸಿ, ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಗೋಡೆಗೆ ಹತ್ತಿಸಿದೆ.

ನಾಲ್ಕೂ ಗೋಡೆಗೆ ಮರ ಹೊದಿಸಬೇಕು ಎಂಬ ಆಸೆ ಮಾಲೀಕರದು. ನಾನು ಒಂದೇ ಗೋಡೆಗೆ ಒಪ್ಪಿದೆ. ಎಲ್ಲ ಕಡೆ ಗಂಟು, ಬಿರುಕು, ಕಲೆ ಕಂಡರೆ ಯಾವುದರ ಮೇಲೂ ಕಣ್ಣು ನಿಲ್ಲುವುದಿಲ್ಲ. ಉಳಿದದ್ದು ಬರೀ ಗಾರೆ. ಆ ಒಂದು ಗೋಡೆಯಲ್ಲೂ ಹಲಗೆಗಳ ನಡುವೆ ಸಂದು ಬಿಟ್ಟು, ಹಿಂದೆ ಕಪ್ಪು ಬಟ್ಟೆ ಹೊದಿಸಿದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು) ಇಟ್ಟೆವು. ಪೂರಾ ಮುಚ್ಚಿದ ಮರ ಸದ್ದನ್ನು ವಾಪಸು ಎಸೆಯುತ್ತದೆ. ಸಂದಿನ ಮೂಲಕ ಒಳಗೆ ಹೋದ ಸದ್ದು ಅಲ್ಲೇ ಅಡಗುತ್ತದೆ. ದೀಪ 2700 ಕೆಲ್ವಿನ್ನಿನದು, ಅಂದರೆ ಹಳದಿ ಛಾಯೆಯ ಬೆಳಕಿನದು, ಗೋಡೆಗೆ ಒತ್ತಿ ಮೇಲಿನಿಂದ ಇಳಿಬಿಟ್ಟದ್ದು. ಗರಗಸದ ಹಳೆ ಗೀರುಗಳು ಆಗಲೇ ಎದ್ದು ಕಂಡವು.

ಕೆಲಸ ಒಪ್ಪಿಸುವಾಗ ಟೇಬಲ್ ಒರೆಸುವ ಹುಡುಗರನ್ನೂ ಕೂರಿಸಿಕೊಂಡೆ. ಹಿಂಡಿದ ಬಟ್ಟೆ ಸಾಕು, ನೀರು ನಿಲ್ಲಬಾರದು, ಬ್ಲೀಚು ಬೇಡ, ಲೇಪ ಎಲ್ಲಾದರೂ ಬಿಳಿಚಿದರೆ ಅದೇ ವಾರ ಹೇಳಿ ಎಂದೆ.