ಹಳದಿ ಜ್ವರದ ಕಾರ್ಡಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ತಪ್ಪಿದ್ದಾಗ

ಕೀನ್ಯಾಕ್ಕೆ ಹೊರಡುವ ಮುಂಚೆ ಹಾಕಿಸಿದ ಲಸಿಕೆಯ ಹಳದಿ ಕಾರ್ಡಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆಯ ಒಂದು ಅಂಕಿ ತಪ್ಪಾಗಿತ್ತು: 8 ಇರಬೇಕಾದಲ್ಲಿ 3. ದಯವಿಟ್ಟು ಪೆನ್ನಿನಲ್ಲಿ ತಿದ್ದಬೇಡಿ. ತಿದ್ದಿದ, ಅಳಿಸಿದ, ಖಾಲಿ ಬಿಟ್ಟ ಕಾರ್ಡ್ ಅಮಾನ್ಯವಾಗಬಹುದು. ಲಸಿಕೆ ಹಾಕಿದ ಕೇಂದ್ರಕ್ಕೇ ಪಾಸ್‌ಪೋರ್ಟ್, ಹಳೇ ಕಾರ್ಡ್ ಎರಡನ್ನೂ ಒಯ್ದಾಗ ರಿಜಿಸ್ಟರ್ ನೋಡಿ ಹೊಸದು ಬರೆದುಕೊಟ್ಟರು. ಮತ್ತೆ ಚುಚ್ಚಿಸಿಕೊಳ್ಳಬೇಕಿಲ್ಲ, 2016ರ ಜುಲೈ 11ರಿಂದ ಒಂದೇ ಡೋಸಿನ ಕಾರ್ಡ್ ಜೀವನಪರ್ಯಂತ ಮಾನ್ಯ.

ಹೊಸ ಕಾರ್ಡಿನಲ್ಲಿ ಲಸಿಕೆ ಹಾಕಿಸಿದ ಮೂಲ ದಿನಾಂಕವೇ ಇರಬೇಕು, ಕಾರ್ಡ್ ಬರೆದ ದಿನದ್ದಲ್ಲ. ಎಡವುವುದು ಇಲ್ಲೇ. ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ಕೇಂದ್ರದ ಮೊಹರು ಕೌಂಟರ್ ಬಿಡುವ ಮುನ್ನ ನೋಡಿಕೊಳ್ಳಿ. ಮಾನ್ಯತೆ ಶುರುವಾಗುವುದು ಲಸಿಕೆಯ 10 ದಿನದ ನಂತರ. ಅದಕ್ಕೂ ಮೊದಲೇ ಕೀನ್ಯಾದಿಂದ ಮರಳಿದರೆ ಭಾರತದಲ್ಲಿ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು.